ಗೋಡೆಗೆ ಹಣ್ಣಿನ ಗಿಡ: ಹಳೆ ಬಾಟಲಿ, ಬಕೆಟ್, ಏಣಿ, ಸೈಕಲ್ ರಿಮ್ ಬಳಸಿ ಮೇಲ್ಮುಖವಾಗಿ ಬೆಳೆಯುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ನಾನು ಬಾಟಲಿಯಲ್ಲಿ ಸ್ಟ್ರಾಬೆರಿ ನೆಟ್ಟಾಗ ಐದು ಬಾಟಲಿಗಳನ್ನು ಒಂದರ ಕೆಳಗೊಂದು ತೂಗುಹಾಕಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ ಮೇಲಿನ ಎರಡು ಗಿಡ ಒಣಗಿದವು, ಕೆಳಗಿನ ಎರಡು ಕೊಳೆತವು, ನಡುವಿನ ಒಂದು ಮಾತ್ರ ಹಸಿರಾಗಿ ಉಳಿಯಿತು. ಐದಕ್ಕೂ ಹಾಕಿದ್ದು ಒಂದೇ ಮಣ್ಣು. ಬಿದ್ದಿದ್ದು ಒಂದೇ ಬಿಸಿಲು. ನೆಟ್ಟಿದ್ದೂ ಒಂದೇ ದಿನ. ವ್ಯತ್ಯಾಸ ಇದ್ದದ್ದು ನೀರಿನಲ್ಲಿ.

ಅದಕ್ಕೇ ಈ ಬರಹದಲ್ಲಿ ನೀರಿನ ಮಾತು ಜಾಸ್ತಿ ಬರುತ್ತದೆ. ನೆಲದಲ್ಲಿ ಬೆಳೆಯುವಾಗ ಜಾಸ್ತಿಯಾದ ನೀರು ಆಳಕ್ಕೆ ಇಳಿದು ಹೋಗುತ್ತದೆ, ಕಡಿಮೆಯಾದರೆ ಬೇರು ತಾನೇ ಹುಡುಕಿಕೊಂಡು ಹೋಗುತ್ತದೆ. ಗೋಡೆಗೆ ತೂಗುಹಾಕಿದ ಎರಡು ಲೀಟರ್ ಬಾಟಲಿಯಲ್ಲಿ ಈ ಎರಡೂ ಆಗುವುದಿಲ್ಲ. ನೀರು ಎಲ್ಲಿಂದ ಬಂದು ಎಲ್ಲಿ ನಿಂತು ಎಲ್ಲಿ ಹೊರಗೆ ಹೋಗುತ್ತದೆ ಅನ್ನುವುದನ್ನು ತೂತು ಕೊರೆಯುವ ಮೊದಲೇ ಯೋಚಿಸಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಗೋಡೆ ನೋಡಿ

ಹಣ್ಣಿಗೆ ಬಿಸಿಲು ಬೇಕೇ ಬೇಕು. ಸೊಪ್ಪು ಮೂರ್ನಾಲ್ಕು ಗಂಟೆ ಬಿಸಿಲಿನಲ್ಲಿ ಬದುಕಿಕೊಳ್ಳುತ್ತದೆ, ಹಣ್ಣಿನ ಗಿಡಕ್ಕೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು, 8 ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ರಜಾ ದಿನ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಹೋಗಿ ಗೋಡೆಯ ಮೇಲೆ ನೆರಳು ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಗೋಡೆಯ ಮೇಲ್ಭಾಗಕ್ಕೆ 7 ಗಂಟೆ ಬಿಸಿಲು ಬಿದ್ದು ಕೆಳಭಾಗಕ್ಕೆ ಮೂರೇ ಗಂಟೆ ಬೀಳುವುದು ತುಂಬಾ ಸಾಮಾನ್ಯ. ಹಾಗಿದ್ದರೆ ಹಣ್ಣಿನ ಗಿಡ ಮೇಲೆ, ಪುದೀನದಂಥದ್ದು ಕೆಳಗೆ.

ಮಧ್ಯಾಹ್ನದ ಮೇಲೆ ಬಿಸಿಲು ಬೀಳುವ ಗೋಡೆ ಸಿಕ್ಕಾಪಟ್ಟೆ ಕಾಯುತ್ತದೆ. ಸಂಜೆ ಅಂಗೈ ಇಟ್ಟು ನೋಡಿ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಬಾಟಲಿಯೊಳಗಿನ ಬೇರೂ ಅಷ್ಟೇ ಬೇಯುತ್ತದೆ. ಅಂಥ ಕಡೆ ಗೋಡೆಗೂ ಪಾತ್ರೆಗೂ ನಡುವೆ ಕನಿಷ್ಠ ಒಂದು ಅಂಗೈ ಅಗಲ ಜಾಗ ಬಿಡಿ. ಗಾಳಿ ಆಡುತ್ತದೆ, ಗೋಡೆಗೆ ತೇವವೂ ಹಿಡಿಯುವುದಿಲ್ಲ.

ಆಮೇಲೆ ಭಾರ. ನೀರು ಕುಡಿದ ಹಗುರ ಮಿಶ್ರಣ ಒಂದು ಲೀಟರಿಗೆ ಸುಮಾರು 1 ಕೆಜಿ ತೂಗುತ್ತದೆ. ಬರೀ ತೋಟದ ಮಣ್ಣು ಹಾಕಿದರೆ 1.5 ಕೆಜಿ ದಾಟುತ್ತದೆ. ಒಂದೂವರೆ ಲೀಟರ್ ಮಿಶ್ರಣ ಹಿಡಿಯುವ ಹನ್ನೆರಡು ಬಾಟಲಿ ಅಂದರೆ ಹತ್ತಿರ ಹತ್ತಿರ 18 ಕೆಜಿ, ಅದರ ಮೇಲೆ ಗಿಡ, ಹಣ್ಣು, ಗಾಳಿಯ ಹೊಡೆತ. ಇದನ್ನೆಲ್ಲ ಒಂದು ಮೊಳೆಗೆ ಕಟ್ಟಬೇಡಿ. ನೀರಿನ ಪೈಪಿಗಾಗಲಿ, ಕರೆಂಟ್ ವೈರ್ ಹೋದ ಕೊಳವೆಗಾಗಲಿ ಕಟ್ಟುವುದಂತೂ ಬೇಡವೇ ಬೇಡ. ಬಾಡಿಗೆ ಮನೆಯಾಗಿದ್ದು ಗೋಡೆ ಕೊರೆಯುವಂತಿಲ್ಲ ಅಂದರೆ ಹಳೆಯ ಏಣಿ ಹುಡುಕಿ. ನನ್ನ ಪ್ರಕಾರ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಚೌಕಟ್ಟು ಇನ್ನೊಂದಿಲ್ಲ. ಗೋಡೆಗೆ ಓರೆಯಾಗಿ ಒರಗಿಸಿ, ತಲೆಯ ಭಾಗವನ್ನು ಕಿಟಕಿ ಸರಳಿಗೋ ಕಂಬಕ್ಕೋ ಬಿಗಿದು ಕಟ್ಟಿ, ಮೆಟ್ಟಿಲಿಗೊಂದು ಸಾಲು ಬಾಟಲಿ ತೂಗುಹಾಕಿದರೆ ಆಯಿತು. ಓರೆ ಇರುವುದರಿಂದ ಮೇಲಿನ ಗಿಡದ ನೆರಳು ಕೆಳಗಿನದರ ಮೇಲೆ ಅಷ್ಟಾಗಿ ಬೀಳುವುದಿಲ್ಲ.

ಯಾವ ವಸ್ತು ತೆಗೆದುಕೊಳ್ಳಬಹುದು, ಯಾವುದನ್ನು ಮುಟ್ಟಬಾರದು

ಪ್ಲಾಸ್ಟಿಕ್ ಸಾಮಾನಿನ ತಳ ತಿರುಗಿಸಿ ನೋಡಿ. ಮೂರು ಬಾಣದ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಅಂದರೆ ಪೆಟ್, ನೀರಿನ ಮತ್ತು ತಂಪು ಪಾನೀಯದ ಬಾಟಲಿಗಳು. 2 ಅಂದರೆ ಗಟ್ಟಿ ಪಾಲಿಥಿನ್, ಕ್ಯಾನು ಮತ್ತು ಡಬ್ಬಗಳು. 5 ಅಂದರೆ ಪಾಲಿಪ್ರೊಪಿಲೀನ್, ಬಕೆಟ್ ಮತ್ತು ಐಸ್‌ಕ್ರೀಂ ಡಬ್ಬಗಳು ಸಾಮಾನ್ಯವಾಗಿ ಇದರವೇ. ಈ ಮೂರನ್ನು ನಾನು ಧೈರ್ಯವಾಗಿ ಬಳಸುತ್ತೇನೆ. 3, 6, 7 ಇದ್ದದ್ದನ್ನು ತಿನ್ನುವ ಗಿಡಕ್ಕೆ ಬಳಸುವುದಿಲ್ಲ.

ಪೇಂಟ್, ಎಂಜಿನ್ ಆಯಿಲ್, ಕೀಟನಾಶಕ ತುಂಬಿದ್ದ ಡಬ್ಬ ಎಷ್ಟೇ ತೊಳೆದರೂ ಬೇಡ. ಬಣ್ಣ ಹಪ್ಪಳಿಕೆ ಎದ್ದು ಉದುರುತ್ತಿರುವ ತುಂಬಾ ಹಳೆಯ ಕಿಟಕಿ, ಬಾಗಿಲುಗಳೂ ಬೇಡ, ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಸಾಮಾನು ಸಾಗಿಸುವ ಮರದ ಪ್ಯಾಲೆಟ್ ಸಿಕ್ಕರೆ ಅದರ ಮೇಲಿನ ಮುದ್ರೆ ಓದಿ. ಎಚ್‌ಟಿ ಅಂತ ಇದ್ದರೆ ಮರದ ತಿರುಳಿನವರೆಗೂ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಕಾಯಿಸಿದ್ದು ಅಂತ ಅರ್ಥ, ಅದು ಆಗುತ್ತದೆ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಹಾಯಿಸಿದ್ದು, ಅದನ್ನು ಬಿಟ್ಟುಬಿಡಿ. ಮುದ್ರೆಯೇ ಇಲ್ಲದಿದ್ದರೂ ಬಿಟ್ಟುಬಿಡಿ.

ಬಟ್ಟೆಯ ಜೇಬುಗಳಿರುವ ಚಪ್ಪಲಿ ಚೀಲ ಗೋಡೆಗೆ ತೂಗುಹಾಕಿ ಗಿಡ ನೆಡುವುದು ನೋಡಲು ಚಂದ. ಆದರೆ ಒಂದು ಜೇಬಿಗೆ ಅರ್ಧ ಲೀಟರ್ ಮಣ್ಣೂ ಹಿಡಿಯುವುದಿಲ್ಲ. ಗಾಳಿ ಬೀಸಿದರೆ ಮಧ್ಯಾಹ್ನದೊಳಗೆ ಒಣಗುತ್ತದೆ. ಹಣ್ಣಿಗೆ ಅದು ಸಾಲದು. ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಮೂಟೆ ಚೀಲವನ್ನು ನಾನೇ ಬಳಸಿ ನೋಡಿದ್ದೇನೆ. ಬಿಸಿಲಿಗೆ ಎಳೆಗಳು ಪುಡಿಪುಡಿಯಾಗಿ, ಹೂ ಬಿಟ್ಟ ಗಿಡಗಳ ಸಮೇತ ಒಂದು ಬೆಳಗ್ಗೆ ಹರಿದು ಬಿದ್ದಿತ್ತು. ಆವತ್ತು ತುಂಬಾ ಬೇಜಾರಾಯಿತು. ನೇಯ್ದ ಚೀಲವೇ ಬೇಕು ಅಂದರೆ ನೆರಳು ಬೀಳುವ ಹಾಗೆ ಹೊರಗಡೆ ಒಂದು ಹಳೆ ಬಟ್ಟೆ ಸುತ್ತಿ, ಭಾರ ಚೀಲದ ಮೇಲೆ ಬೀಳದಂತೆ ನೆಲದ ಮೇಲೆ ನಿಲ್ಲಿಸಿ.

ಯಾವ ಹಣ್ಣು

ಬೇರು ಆಳಕ್ಕೆ ಹೋಗದ, ಗಿಡ ಚಿಕ್ಕದಾಗಿರುವ ಹಣ್ಣು ತೂಗುಹಾಕಲು ಸರಿ. ಅದರಲ್ಲಿ ಮೊದಲನೆಯದು ಸ್ಟ್ರಾಬೆರಿ, ಅದರ ಬಹುಪಾಲು ಬೇರು ಮೇಲಿನ 15 ಸೆಂ.ಮೀ. ಒಳಗೇ ಇರುತ್ತದೆ. ಹಬ್ಬಿ ಏರುವ ಹಣ್ಣಿಗೆ ಪಾತ್ರೆ ನೆಲದಲ್ಲಿ, ಬಳ್ಳಿ ಮೇಲೆ. ಪ್ಯಾಶನ್ ಫ್ರೂಟ್, ಕರಬೂಜ, ದ್ರಾಕ್ಷಿ ಈ ಗುಂಪಿನವು. ಮೂರನೆಯದು ಗೋಡೆಗೆ ಚಪ್ಪಟೆಯಾಗಿ ಕೊಂಬೆ ಕಟ್ಟಿ ಬೆಳೆಸುವಂಥದ್ದು. ಅಂಜೂರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. 20 ಲೀಟರಿಗಿಂತ ದೊಡ್ಡ ಡ್ರಮ್ಮಿನಲ್ಲಿ ನೆಟ್ಟು, ಕೊಂಬೆ ಎಳೆಯದಾಗಿರುವಾಗಲೇ ಎಡಕ್ಕೂ ಬಲಕ್ಕೂ ಬಗ್ಗಿಸಿ ಹಳೆ ಬಟ್ಟೆಪಟ್ಟಿಯಲ್ಲಿ ಕಟ್ಟಬೇಕು. ಮನೆಗಳಲ್ಲಿ ಬೆಳೆಸುವ ಸಾಮಾನ್ಯ ಅಂಜೂರ ಜಾತಿಗಳಿಗೆ ಪರಾಗಸ್ಪರ್ಶವೂ ಬೇಕಿಲ್ಲ. ಈ ಬರಹದಲ್ಲಿ ನಾನು ಸ್ಟ್ರಾಬೆರಿ, ಪ್ಯಾಶನ್ ಫ್ರೂಟ್, ಕರಬೂಜ ಮೂರನ್ನು ಹಿಡಿದು ಹೇಳುತ್ತೇನೆ. ಈ ಮೂರರ ಕೈಚಳಕ ಬಂದರೆ ಉಳಿದದ್ದು ಕಷ್ಟವಲ್ಲ.

ಒಂದು ಸ್ಪಂಜು ತೆಗೆದುಕೊಳ್ಳಿ

ಕೊರೆಯುವುದಕ್ಕೆ ಮುಂಚೆ ಇದೊಂದು ಮಾಡಿ ನೋಡಿ. ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜನ್ನು ನೀರಲ್ಲಿ ಪೂರ್ತಿ ಅದ್ದಿ ತೆಗೆಯಿರಿ. ಹಿಂಡಬೇಡಿ. ಅಗಲದ ಭಾಗ ಕೆಳಗೆ ಬರುವಂತೆ ಅಡ್ಡವಾಗಿ ಹಿಡಿದುಕೊಳ್ಳಿ. ನೀರು ತೊಟ್ಟಿಕ್ಕುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಈಗ ಅದೇ ಸ್ಪಂಜನ್ನು ನಿಧಾನವಾಗಿ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ! ಯಾರೂ ಹಿಂಡಿಲ್ಲ, ಆದರೂ ಇಳಿಯುತ್ತದೆ.

ಮಣ್ಣೂ ಹಾಗೇ. ಪಾತ್ರೆ ಯಾವುದೇ ಇರಲಿ, ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಮಣ್ಣಿನ ಕಣಗಳ ನಡುವೆ ಅಂಟಿಕೊಂಡೇ ಇರುತ್ತದೆ, ತೂತು ಎಷ್ಟಿದ್ದರೂ ಇಳಿಯುವುದಿಲ್ಲ. ಆ ಪದರದ ಎತ್ತರ ಎಷ್ಟು ಅನ್ನುವುದು ಮಣ್ಣು ಎಂಥದ್ದು ಅನ್ನುವುದರ ಮೇಲೆ ನಿಂತಿದೆಯೇ ಹೊರತು ಪಾತ್ರೆಯ ಆಕಾರದ ಮೇಲಲ್ಲ. ಹಾಗಾಗಿ ಬಾಟಲಿಯನ್ನು ಅಡ್ಡ ಮಲಗಿಸಿ ಕಿಟಕಿ ಕತ್ತರಿಸಿ ನೆಟ್ಟರೆ, ಹತ್ತು ಸೆಂ.ಮೀ. ಆಳದ ಮಣ್ಣಿನಲ್ಲಿ ಮೂರ್ನಾಲ್ಕು ಸೆಂ.ಮೀ. ಯಾವಾಗಲೂ ಕೆಸರು. ಅದೇ ಬಾಟಲಿ ಕುತ್ತಿಗೆ ಕೆಳಗಾಗಿ ನೆಟ್ಟಗೆ ನಿಂತಿದ್ದರೆ ಇಪ್ಪತ್ತು ಸೆಂ.ಮೀ.ಯಲ್ಲಿ ಆ ಮೂರ್ನಾಲ್ಕು ಸೆಂ.ಮೀ. ಕುತ್ತಿಗೆಯ ಹತ್ತಿರ ಮಾತ್ರ, ಬೇರಿಗೆ ಉಳಿದದ್ದೆಲ್ಲ ಉಸಿರಾಡುವ ಜಾಗ. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಹಾಗಾಗುವುದಿಲ್ಲ. ಆ ಕೆಸರು ಪದರ ಜಲ್ಲಿಯ ಮೇಲೆ ಏರಿ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಜಲ್ಲಿ ಬೇಡ, ಭಾರವೂ ಉಳಿಯುತ್ತದೆ.

ಬಾಟಲಿ ತಯಾರಿ, ಹಂತ ಹಂತವಾಗಿ

ಎರಡು ಲೀಟರ್ ಬಾಟಲಿಯೇ ಬೇಕು. ಒಂದು ಲೀಟರಿನದು ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತದೆ.

ಬಾಟಲಿಯ ತಳವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಅಂಚು ಕೈ ಕುಯ್ಯುತ್ತದೆ, ಹಳೆ ಟೇಪು ಸುತ್ತಿ. ಇನ್ನು ಬಾಟಲಿ ತಲೆಕೆಳಗು, ಮುಚ್ಚಳ ಕೆಳಗೆ. ಮುಚ್ಚಳಕ್ಕೆ 6 ಮಿ.ಮೀ. ಅಗಲದ ತೂತು ಒಂದು. ಕುತ್ತಿಗೆಯ ಸ್ವಲ್ಪ ಮೇಲೆ, ಬಾಟಲಿ ಅಗಲವಾಗಲು ಶುರುವಾಗುವ ಜಾಗದಲ್ಲಿ, ಅಷ್ಟೇ ದೊಡ್ಡ ಇನ್ನೆರಡು ತೂತು ಎದುರುಬದುರಾಗಿ. ಈ ಎರಡು ತೂತುಗಳನ್ನು ದಯವಿಟ್ಟು ಬಿಡಬೇಡಿ. ನನ್ನ ಕೆಳಗಿನ ಬಾಟಲಿಗಳು ಕೊಳೆತದ್ದು ಯಾಕೆ ಅಂತ ಆಮೇಲೆ ಬಿಚ್ಚಿ ನೋಡಿದಾಗ ಗೊತ್ತಾಯಿತು: ಮೇಲಿನ ಬಾಟಲಿಗಳಿಂದ ನೀರಿನ ಜೊತೆ ಇಳಿದ ನುಣುಪು ಮಣ್ಣೆಲ್ಲ ಕೆಳಗಿನ ಮುಚ್ಚಳದಲ್ಲಿ ಕೂತು, ಸಿಮೆಂಟಿನ ಹಾಗೆ ಗಟ್ಟಿಯಾಗಿ, ಇದ್ದ ಒಂದೇ ಸಣ್ಣ ತೂತನ್ನು ಮುಚ್ಚಿಬಿಟ್ಟಿತ್ತು. ಬೇರುಗಳು ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕಳಚಿ ಬರುತ್ತಿದ್ದವು. ಒಂದು ಮುಚ್ಚಿದರೂ ಇನ್ನೆರಡು ತೆರೆದಿರಲಿ ಅನ್ನುವುದಕ್ಕೆ ಆ ತೂತುಗಳು. ಕುತ್ತಿಗೆಯೊಳಗೆ ಹಳೆ ಸೊಳ್ಳೆಪರದೆಯ ತುಂಡೊಂದನ್ನು ಮಡಿಚಿ ಇಡಿ, ಮಣ್ಣು ತಡೆಯುತ್ತದೆ.

ಕಾದ ಮೊಳೆಯಿಂದ ತೂತು ಮಾಡುವುದಾದರೆ ಹೊರಗೆ ಗಾಳಿಯಲ್ಲಿ ಮಾಡಿ, ಆ ಹೊಗೆ ಕುಡಿಯಬೇಡಿ.

ತೂಗುಹಾಕಲು ಮೇಲಿನ ಅಂಚಿನಿಂದ ಎರಡು ಸೆಂ.ಮೀ. ಕೆಳಗೆ ಮೂರು ತೂತು ಸಮನಾಗಿ, ಪ್ರತಿಯೊಂದಕ್ಕೂ ನೈಲಾನ್ ದಾರ. ಹತ್ತಿ ಹಗ್ಗ ತೇವಕ್ಕೆ ಕೊಳೆಯುತ್ತದೆ. ಬಾಟಲಿಯ ಭಾರ ಕೆಳಗಿನ ಬಾಟಲಿಯ ಮೇಲೆ ಕೂರಬಾರದು, ಪ್ರತಿ ಬಾಟಲಿಗೂ ಅದರದೇ ದಾರ ಇರಲಿ.

ಪಾರದರ್ಶಕ ಬಾಟಲಿಯನ್ನು ಹಾಗೇ ಬಿಡಬೇಡಿ. ಬೆಳಕು ಬಿದ್ದ ಕಡೆ ಒಳಗೆ ಹಸಿರು ಪಾಚಿ ಬೆಳೆಯುತ್ತದೆ, ಬೇರು ಬೆಳಕಿನಿಂದ ದೂರ ಸರಿಯುತ್ತದೆ. ಹೊರಗಡೆ ತಿಳಿ ಬಣ್ಣ ಬಳಿಯಿರಿ, ಇಲ್ಲವೇ ಹಳೆ ಪ್ಯಾಂಟಿನ ಕಾಲನ್ನು ಕತ್ತರಿಸಿ ತೊಡಿಸಿ. ಬಟ್ಟೆ ತೊಡಿಸಿದರೆ ಇನ್ನೊಂದು ಲಾಭ ಇದೆ, ಬಿಸಿಲು ನೇರ ಬೀಳದೆ ಪ್ಲಾಸ್ಟಿಕ್ ಬೇಗ ಪುಡಿಯಾಗುವುದಿಲ್ಲ.

ಒಂದರ ಕೆಳಗೊಂದು ತೂಗುವ ಒಂದು ಸಾಲಿಗೆ ಮೂರೇ ಬಾಟಲಿ. ನಾಲ್ಕನೆಯದು ಬೇಡ. ಸಾಲಿನ ಬುಡದಲ್ಲಿ ದೊಡ್ಡ ಡ್ರಮ್ ಇಟ್ಟು ಅದರಲ್ಲಿ ಪ್ಯಾಶನ್ ಫ್ರೂಟ್ ಬಳ್ಳಿ ನೆಡಿ. ಮೇಲಿನಿಂದ ಬಸಿದ ನೀರು, ಅದರ ಜೊತೆ ತೊಳೆದು ಬಂದ ಗೊಬ್ಬರ, ಎಲ್ಲ ಆ ಬಳ್ಳಿಗೆ. ನೆಲ ಒದ್ದೆಯಾಗುವುದಿಲ್ಲ, ಕೆಳಗಿನ ಮನೆಯವರ ತಲೆ ಮೇಲೂ ಬೀಳುವುದಿಲ್ಲ.

ಮಣ್ಣಿನ ಮಿಶ್ರಣ

ಸುಮ್ನೆ ತೋಟದ ಮಣ್ಣು ತುಂಬಬೇಡಿ, ಎರಡೇ ವಾರದಲ್ಲಿ ಇಟ್ಟಿಗೆಯಾಗುತ್ತದೆ. ನಾನು ಹಾಕುವುದು ಅಳತೆಯಲ್ಲಿ ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಕಾಳು) ಅಥವಾ ದಪ್ಪ ಮರಳು. ಮರಳು ಭಾರ, ಹಾಗಾಗಿ ತೂಗುಹಾಕುವುದಕ್ಕೆ ಪರ್ಲೈಟ್, ನೆಲದ ಬಕೆಟ್ಟಿಗೆ ಮರಳು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದು. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ, ಇನ್ನೊಂದು ಸಲ ಹೀಗೇ ಮಾಡಿ. ಸ್ಟ್ರಾಬೆರಿ ಉಪ್ಪನ್ನು ಸ್ವಲ್ಪವೂ ತಡೆಯುವುದಿಲ್ಲ, ಎಲೆಯ ಅಂಚು ಸುಟ್ಟ ಹಾಗೆ ಕಂದಾಗುತ್ತದೆ. ಅದಕ್ಕೆ 5.5ರಿಂದ 6.5ರ ಪಿಎಚ್ ಇಷ್ಟ, ಅಂದರೆ ಸ್ವಲ್ಪ ಹುಳಿ ಮಣ್ಣು. ಒಲೆ ಬೂದಿ ಹಾಕಿದರೆ ಪಿಎಚ್ ಮೇಲೇರುತ್ತದೆ, ಹಾಕಬೇಡಿ.

ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚಿ. ಉಂಡೆಯಾಗಿ ನಿಂತು, ಬೆರಳಲ್ಲಿ ತಟ್ಟಿದ ಕೂಡಲೇ ಉದುರಿದರೆ ಸರಿಯಾಗಿದೆ.

ಸ್ಟ್ರಾಬೆರಿ ನೆಡುವುದು

ಬೀಜದಿಂದ ಬೇಡ, ಸಸಿ ತನ್ನಿ. ಒಂದು ಬಾಟಲಿಗೆ ಒಂದೇ ಸಸಿ. ಸಸಿಯ ನಡುವೆ, ಎಲೆಗಳೆಲ್ಲ ಹೊರಡುವ ಜಾಗದಲ್ಲಿ, ದಪ್ಪನೆಯ ಗಿಡ್ಡ ಬುಡ ಇದೆ, ಅದರ ನೆತ್ತಿಯಲ್ಲಿ ಸುಳಿ. ಬುಡದ ಅರ್ಧ ಮಣ್ಣೊಳಗೆ, ಅರ್ಧ ಹೊರಗೆ ಇರಬೇಕು. ಸುಳಿ ಮುಚ್ಚಿದರೆ ಕೊಳೆಯುತ್ತದೆ, ಬೇರು ಹೊರಗೆ ಕಂಡರೆ ಒಣಗುತ್ತದೆ. ನೆಟ್ಟು ನೀರು ಹಾಕಿದ ಮೇಲೆ ಮಣ್ಣು ಒಂದು ಬೆರಳಿನಷ್ಟು ಕುಸಿಯುತ್ತದೆ, ಆಗ ಇನ್ನೊಮ್ಮೆ ನೋಡಿ ಸರಿಮಾಡಿ. ಬಾಟಲಿಯ ಅಂಚಿನಿಂದ ಎರಡು ಸೆಂ.ಮೀ. ಖಾಲಿ ಬಿಡಿ, ಇಲ್ಲದಿದ್ದರೆ ಹಾಕಿದ ನೀರು ಹೊರಗೇ ಚೆಲ್ಲುತ್ತದೆ.

ಮೊದಲ ನಾಲ್ಕೈದು ವಾರ ಬಂದ ಹೂ ಕಿತ್ತುಹಾಕಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಬೇರು ಊರುವ ಮೊದಲೇ ಹಣ್ಣು ಹೊತ್ತ ಗಿಡ ಆಮೇಲೆ ಸೊರಗುತ್ತದೆ.

ನೀರು

ಬೆಳಗ್ಗೆ ಹಾಕಿ. ಮೇಲಿನ ಬಾಟಲಿಗೆ ನಿಧಾನವಾಗಿ, ಮುಚ್ಚಳದಿಂದ ನಾಲ್ಕು ಹನಿ ಬೀಳುವವರೆಗೆ. ಅಷ್ಟಕ್ಕೆ ನಿಲ್ಲಿಸಿ. ಎರಡನೆಯದಕ್ಕೂ ಮೂರನೆಯದಕ್ಕೂ ಬೆರಳು ಇಟ್ಟು ನೋಡಿಯೇ ಹಾಕಬೇಕು. ಬೆರಳಿನ ಎರಡನೇ ಗೆಣ್ಣಿನವರೆಗೂ ಒಣಗಿದ್ದರೆ ಹಾಕಿ, ತಣ್ಣಗೆ ಅಂಟಿದರೆ ಬಿಡಿ. ಮೇಲಿನದು ಯಾವಾಗಲೂ ಬೇಗ ಒಣಗುತ್ತದೆ, ಬಿಸಿಲು ಮತ್ತು ಗಾಳಿ ಎರಡೂ ಅದಕ್ಕೇ ಮೊದಲು ತಾಗುವುದರಿಂದ. ಮೂರಕ್ಕೂ ಒಂದೇ ಲೆಕ್ಕದಲ್ಲಿ ನೀರು ಹಾಕುವುದೇ ತಪ್ಪು.

ಸ್ವಲ್ಪ ದಿನ ಆದ ಮೇಲೆ ಬೆರಳೂ ಬೇಡ. ಬಾಟಲಿಯ ತಳಕ್ಕೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿ ನೋಡಿ, ಒಣ ಬಾಟಲಿ ಹಗುರ, ಕುಡಿದ ಬಾಟಲಿ ಭಾರ. ಕೈಗೆ ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ.

ಪೂರ್ತಿ ಒಣಗಿದ ನಾರಿನ ಪುಡಿ ನೀರನ್ನು ಕುಡಿಯುವುದೇ ಇಲ್ಲ, ನೀರು ಬಾಟಲಿಯ ಬದಿಯಿಂದ ಜಾರಿ ಕೆಳಗೆ ಹೋಗುತ್ತದೆ, ನೀವು ನೀರು ಹಾಕಿದ್ದೇನೆ ಅಂದುಕೊಂಡಿರುತ್ತೀರಿ. ಹಾಗೇನಾದರೂ ಆದರೆ ಬಾಟಲಿಯನ್ನು ಬಿಚ್ಚಿ ಬಕೆಟ್ ನೀರಲ್ಲಿ ಅರ್ಧ ಗಂಟೆ ಇಳಿಬಿಡಿ.

ಊರಿಗೆ ಹೋಗುವಾಗ ಬತ್ತಿ ಕಟ್ಟಬಹುದು. ಮೇಲೊಂದು ನೀರಿನ ಡಬ್ಬ, ಅದರಿಂದ ಹಳೆ ಪಾಲಿಯೆಸ್ಟರ್ ಬಟ್ಟೆಯನ್ನು ಹೊಸೆದು ಮಾಡಿದ ಬತ್ತಿ ಪ್ರತಿ ಬಾಟಲಿಯ ಮಣ್ಣೊಳಗೆ ಐದು ಸೆಂ.ಮೀ. ಇಳಿದಿರಬೇಕು. ಬತ್ತಿಯನ್ನು ಮೊದಲು ಒದ್ದೆ ಮಾಡಿ. ಹೊರಡುವ ದಿನ ಕಟ್ಟಿ ಹೋಗಬೇಡಿ, ಒಂದು ವಾರ ಮೊದಲೇ ಕಟ್ಟಿ ಎಷ್ಟು ನೀರು ಎಳೆಯುತ್ತದೆ ಅಂತ ನೋಡಿಕೊಳ್ಳಿ.

ಗೊಬ್ಬರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿಕ್ಕ ಪಾತ್ರೆಯಿಂದ ನೀರಿನ ಜೊತೆ ಸತ್ವ ತೊಳೆದು ಹೋಗುತ್ತಲೇ ಇರುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪ, ಆಗಾಗ. ಮೂರು ವಾರಕ್ಕೊಮ್ಮೆ ಬಾಟಲಿಗೆ ಒಂದು ಹಿಡಿ ಎರೆಗೊಬ್ಬರ ಸಾಕು. ಹೂ ಶುರುವಾದ ಮೇಲೆ ಪೊಟ್ಯಾಶ್ ಜಾಸ್ತಿ ಇರುವ ದ್ರವ ಗೊಬ್ಬರ, ಹೇಳಿದ ಪ್ರಮಾಣದ ಅರ್ಧಕ್ಕೆ ತೆಳುಮಾಡಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬಂದು ಹಣ್ಣು ನಿಂತುಹೋಗುತ್ತದೆ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಅದು ಉಪ್ಪು, ಬರೀ ನೀರನ್ನು ಧಾರಾಳವಾಗಿ ಹಾಯಿಸಿ ತೊಳೆಯಿರಿ. ಬಾಳೆಹಣ್ಣಿನ ಸಿಪ್ಪೆಯನ್ನು ಹಸಿಯಾಗಿ ಬಾಟಲಿಗೆ ತುರುಕಬೇಡಿ, ನೊಣ ಬರುತ್ತದೆ.

ಹೂವಿನ ಹತ್ತಿರ ಹೋಗಿ ನೋಡಿ

ಸೊಟ್ಟಪಟ್ಟ ಸ್ಟ್ರಾಬೆರಿ ಬಂದರೆ ರೋಗ ಅಂತ ಹೆದರುವವರೇ ಜಾಸ್ತಿ. ಮೊದಲು ಅನುಮಾನಿಸಬೇಕಾದ್ದು ಪರಾಗ. ಸ್ಟ್ರಾಬೆರಿಯ ಮೇಲೆ ಕಾಣುವ ಒಂದೊಂದು ಬೀಜದ ಚುಕ್ಕೆಯೂ ಸಸ್ಯಶಾಸ್ತ್ರದ ಪ್ರಕಾರ ಒಂದೊಂದು ಹಣ್ಣು. ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠ ಉಬ್ಬಿದ್ದು. ಯಾವ ಚುಕ್ಕೆಗೆ ಪರಾಗ ತಲುಪಿತೋ ಅದರ ಸುತ್ತ ಉಬ್ಬುತ್ತದೆ, ತಲುಪದ ಕಡೆ ಗಟ್ಟಿಯಾಗಿ ಹಸಿರಾಗಿ ಕುಗ್ಗಿಯೇ ಉಳಿಯುತ್ತದೆ. ಎತ್ತರದ ಮಹಡಿಗೆ ಜೇನ್ನೊಣ ಬರುವುದು ಕಡಿಮೆ, ಅಲ್ಲಿ ಈ ಕೆಲಸ ನಾವೇ ಮಾಡಬೇಕು.

ಬೆಳಗ್ಗೆ ಹತ್ತರ ಸುಮಾರಿಗೆ, ಇಬ್ಬನಿ ಆರಿದ ಮೇಲೆ, ಮಕ್ಕಳು ಚಿತ್ರ ಬಿಡಿಸುವ ಮೆತ್ತನೆ ಕುಂಚ ತೆಗೆದುಕೊಳ್ಳಿ. ಹೂವಿನ ನಡುವೆ ಹಳದಿ ಗುಡ್ಡದ ಹಾಗೆ ಇದೆಯಲ್ಲ, ಅದರ ಬುಡದ ಸುತ್ತ ಇರುವ ಪರಾಗದ ಕಡ್ಡಿಗಳನ್ನು ಒಂದು ಸುತ್ತು ಸವರಿ, ಆಮೇಲೆ ಗುಡ್ಡದ ಮೇಲೆಲ್ಲ ಮೆಲ್ಲಗೆ ಆಡಿಸಿ. ಕುಂಚದ ತುದಿ ಹಳದಿಯಾಗಿದ್ದರೆ ಸರಿಯಾಗಿದೆ ಅಂತ. ಒಂದೊಂದು ಹೂವಿಗೆ ಎರಡು ಮೂರು ದಿನ ಹೀಗೆ ಮಾಡಿ. ಗೊಂಚಲಿನ ಮೊದಲ ಹೂವೇ ಅತಿ ದೊಡ್ಡ ಹಣ್ಣು ಕೊಡುತ್ತದೆ, ಅದನ್ನು ಮರೆಯಬೇಡಿ. ಹೂ ಅರಳಿದ ಸುಮಾರು ನಾಲ್ಕು ವಾರಕ್ಕೆ ಹಣ್ಣು. ತೊಟ್ಟಿನ ಹತ್ತಿರವೂ ಬಿಳಿ ಉಳಿಯದಂತೆ ಪೂರ್ತಿ ಕೆಂಪಾದ ಮೇಲೆಯೇ ಕೀಳಿ. ಕಿತ್ತ ಮೇಲೆ ಬಣ್ಣ ಬರಬಹುದು, ಸಿಹಿ ಬರುವುದಿಲ್ಲ.

ಪ್ಯಾಶನ್ ಫ್ರೂಟ್: ಸೈಕಲ್ ರಿಮ್ಮಿನ ಹಂದರ

ಇದಕ್ಕೆ ದೊಡ್ಡ ಪಾತ್ರೆ ಬೇಕು, ಕನಿಷ್ಠ 40 ಲೀಟರ್. ತಳ ಒಡೆದ ನೀರಿನ ಡ್ರಮ್, ಬಿರುಕು ಬಿಟ್ಟ ದೊಡ್ಡ ಬಟ್ಟೆ ತೊಳೆಯುವ ಟಬ್, ಏನಾದರೂ ಆದೀತು. ತಳಕ್ಕೂ ಬದಿಯ ಬುಡಕ್ಕೂ ಸೇರಿಸಿ ಹತ್ತು ಹನ್ನೆರಡು ತೂತು.

ಹಳೆ ಸೈಕಲ್ಲಿನ ಎರಡು ರಿಮ್ ತೆಗೆದು ಕಡ್ಡಿಗಳನ್ನೆಲ್ಲ ಬಿಚ್ಚಿ. ರಿಮ್ಮಿನಲ್ಲಿ ಸಾಮಾನ್ಯವಾಗಿ 32 ಅಥವಾ 36 ತೂತು ಇರುತ್ತವೆ, ನಮ್ಮ ದಾರಕ್ಕೆ ಅಳತೆ ಮಾಡಿ ಕೊರೆದ ಹಾಗೆ. ಒಂದು ರಿಮ್ ಡ್ರಮ್ಮಿನ ಬಾಯಿಯ ಮೇಲೆ ಕಟ್ಟಿ. ಇನ್ನೊಂದನ್ನು ಸುಮಾರು ಎರಡು ಮೀಟರ್ ಮೇಲೆ, ಗೋಡೆಯಿಂದ ಹೊರಚಾಚಿದ ಎರಡು ಬ್ರಾಕೆಟ್ ಮೇಲೆ ಅಡ್ಡವಾಗಿ ಮಲಗಿಸಿ ಬಿಗಿಯಿರಿ. ಕೆಳಗಿನ ತೂತಿನಿಂದ ಮೇಲಿನ ತೂತಿಗೆ ನೈಲಾನ್ ದಾರ ಹಾಯಿಸುತ್ತಾ ಸುತ್ತಲೂ ಬನ್ನಿ. ಎಲ್ಲ ತೂತಿಗೂ ಬೇಡ, ಮೂರು ತೂತಿಗೊಂದು ಸಾಕು, ಕೈ ಒಳಗೆ ಹೋಗಬೇಕಲ್ಲ. ಎಲೆ ತುಂಬಿದ ಬಳ್ಳಿ ಗಾಳಿಗೆ ಹಾಯಿಯ ಹಾಗೆ ಉಬ್ಬುತ್ತದೆ. ಬರೀ ಬಕೆಟ್ಟಿನಲ್ಲಿ ಕೋಲು ನೆಟ್ಟು ಬಿಟ್ಟರೆ ಬಕೆಟ್ ಸಮೇತ ಬೀಳುತ್ತದೆ, ಅದಕ್ಕೇ ಮೇಲಿನ ರಿಮ್ ಗೋಡೆಗೆ ಬಿಗಿಯಲೇಬೇಕು.

ಒಂದು ಬಳ್ಳಿಯನ್ನು ಮಾತ್ರ ಮೇಲಿನ ರಿಮ್ಮಿನವರೆಗೆ ಒಂಟಿಯಾಗಿ ಬೆಳೆಸಿ, ಪಕ್ಕದ ಕುಡಿ ಚಿವುಟುತ್ತಾ ಇರಿ. ಮೇಲೆ ತಲುಪಿದ ಮೇಲೆ ತುದಿ ಚಿವುಟಿದರೆ ಕವಲೊಡೆದು ರಿಮ್ಮಿನ ಸುತ್ತ ಹರಡಿ ಕೆಳಗೆ ಇಳಿಬೀಳುತ್ತದೆ. ಹೂ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಫಸಲು ಮುಗಿದ ಮೇಲೆ ಇಳಿಬಿದ್ದ ಕವಲುಗಳನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸಿ.

ಸಸಿ ತರುವಾಗಲೇ ಒಂದು ವಿಷಯ ಕೇಳಿಕೊಳ್ಳಿ. ನೇರಳೆ ಹಣ್ಣಿನ ಜಾತಿ ಬಹುತೇಕ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಹಳದಿ ಹಣ್ಣಿನದಕ್ಕೆ ಬೇರೆ ಗಿಡದ ಪರಾಗವೇ ಬೇಕು, ಒಂಟಿ ಬಳ್ಳಿ ಇದ್ದರೆ ನೂರು ಹೂ ಬಿಟ್ಟರೂ ಕಾಯಿ ನಿಲ್ಲುವುದಿಲ್ಲ. ಜಾಗ ಒಂದೇ ಡ್ರಮ್ಮಿಗೆ ಇದ್ದರೆ ನೇರಳೆಯದನ್ನೇ ತನ್ನಿ. ಹೂವಿನೊಳಗೆ ಐದು ಪರಾಗದ ಚೀಲ ಮುಖ ಕೆಳಗೆ ಮಾಡಿ ನಿಂತಿರುತ್ತವೆ, ಅದರ ಮೇಲೆ ಗುಂಡಿಯಂಥ ತುದಿಯ ಮೂರು ಕಡ್ಡಿ. ಅರಳಿದ ಸ್ವಲ್ಪ ಹೊತ್ತಿಗೆ ಆ ಮೂರು ಕಡ್ಡಿ ನಿಧಾನವಾಗಿ ಕೆಳಗೆ ಬಾಗುತ್ತವೆ. ಬಾಗಿದ ಮೇಲೆ ಕುಂಚದಿಂದ ಪರಾಗ ತೆಗೆದು ಮೂರೂ ಗುಂಡಿಗೆ ಸವರಿ. ಹೂ ಒಂದೇ ದಿನದ್ದು, ನಾಳೆ ಮಾಡೋಣ ಅಂದರೆ ಆಗುವುದಿಲ್ಲ. ಹಣ್ಣು ಮಾಗಿದರೆ ತಾನೇ ಉದುರುತ್ತದೆ, ಹಂದರದ ಕೆಳಗೆ ಹಳೆ ಕಿಟಕಿ ಪರದೆಯನ್ನು ತೊಟ್ಟಿಲಿನ ಹಾಗೆ ಕಟ್ಟಿಡಿ.

ಕರಬೂಜಕ್ಕೆ ಕಾಲುಚೀಲದ ಜೋಲಿ

ಹಳೆ ಮಂಚದ ಕಬ್ಬಿಣದ ಚೌಕಟ್ಟು, ಕಿಟಕಿಯ ಗ್ರಿಲ್, ಇವೇ ಇದರ ಹಂದರ. ಒಂದೊಂದೂವರೆ ಕೆಜಿ ತೂಗುವ ಚಿಕ್ಕ ಜಾತಿಯ ಬೀಜವನ್ನೇ ಆರಿಸಿ, 20 ಲೀಟರ್ ಬಕೆಟ್ಟಿಗೆ ಒಂದು ಗಿಡ. ಇದರಲ್ಲಿ ಗಂಡು ಹೂ ಮೊದಲು ಬರುತ್ತದೆ, ಕಾಯಿ ಆಗಲಿಲ್ಲ ಅಂತ ಗಾಬರಿ ಬೇಡ. ಕಾಯಿ ಕಟ್ಟುವ ಹೂವಿನ ಹಿಂದೆ ಕಡಲೆಕಾಳಿನಷ್ಟು ಉಬ್ಬು ಕಾಣುತ್ತದೆ. ಬೆಳಗ್ಗೆಯೇ ಒಂದು ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಭಾಗವನ್ನು ಇದರೊಳಗೆ ಮೆಲ್ಲಗೆ ಒತ್ತಿ.

ಗಿಡಕ್ಕೆ ಎರಡು, ಹೆಚ್ಚೆಂದರೆ ಮೂರು ಕಾಯಿ ಉಳಿಸಿ. ಕಾಯಿ ನಿಂಬೆಗಿಂತ ದೊಡ್ಡದಾದ ಮೇಲೆ ಹಿಗ್ಗುವ ಹಳೆ ಕಾಲುಚೀಲದೊಳಗೆ ಇಳಿಸಿ, ಚೀಲದ ಬಾಯನ್ನು ಗ್ರಿಲ್ಲಿಗೆ ಕಟ್ಟಿ. ಬಳ್ಳಿಗೆ ಕಟ್ಟಬೇಡಿ, ಭಾರ ಗ್ರಿಲ್ಲಿನ ಮೇಲೆ ಬೀಳಬೇಕು. ಕಾಯಿ ಬೆಳೆದ ಹಾಗೆ ಚೀಲವೂ ಹಿಗ್ಗುತ್ತದೆ. ತೊಟ್ಟಿನ ಸುತ್ತ ಸಣ್ಣ ಬಿರುಕು ಬಂದು, ಹೆಬ್ಬೆರಳಲ್ಲಿ ಒತ್ತಿದರೆ ಕಾಯಿ ತಾನೇ ಕಳಚಿಕೊಂಡರೆ ಹಣ್ಣಾಗಿದೆ. ಮೂಸಿದರೂ ಗೊತ್ತಾಗುತ್ತದೆ. ಕೊನೆಯ ವಾರ ನೀರು ಸ್ವಲ್ಪ ಕಡಿಮೆ ಮಾಡಿದರೆ ಸಿಹಿ ಗಟ್ಟಿಯಾಗುತ್ತದೆ, ಎಲೆ ಬಾಡುವಷ್ಟು ಮಾತ್ರ ಕಡಿಮೆ ಮಾಡಬೇಡಿ.

ಹುಳ, ಹಕ್ಕಿ, ಇರುವೆ

ಕಾದ ಗೋಡೆಯ ಹತ್ತಿರ ಮೊದಲು ಬರುವುದು ನುಸಿ. ಎಲೆ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ತಿಳಿ ಚುಕ್ಕೆಗಳು, ಕೆಳಗೆ ಸಣ್ಣ ಬಲೆ. ಒಂದು ಬಿಳಿ ಹಾಳೆ ಹಿಡಿದು ಎಲೆ ತಟ್ಟಿದರೆ ಧೂಳಿನಂಥದ್ದು ನಡೆದಾಡುವುದು ಕಾಣುತ್ತದೆ. ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಸಿಂಪಡಿಸಿ, ದಿನ ಬಿಟ್ಟು ದಿನ, ಬೆಳಗ್ಗೆ ಹೊತ್ತು. ಸಾಮಾನ್ಯವಾಗಿ ಇದರಲ್ಲೇ ಹತೋಟಿಗೆ ಬರುತ್ತದೆ.

ಇರುವೆ ಸಾಲು ಏಣಿ ಹತ್ತುತ್ತಿದ್ದರೆ ಎಳೆ ಚಿಗುರು ನೋಡಿ, ಸಸ್ಯಹೇನು ಇರುತ್ತದೆ. ಇರುವೆಗಳು ಅದರ ಸಿಹಿ ರಸಕ್ಕಾಗಿ ಅದನ್ನು ಕಾಪಾಡುತ್ತವೆ. ಏಣಿಯ ಕಾಲಿಗೆ ಒಂದು ಸುತ್ತು ಗ್ರೀಸ್ ಬಳಿದರೆ ಇರುವೆ ಹತ್ತುವುದು ನಿಲ್ಲುತ್ತದೆ, ಹೇನನ್ನು ಬೆರಳಲ್ಲಿ ಒರೆಸಿ ತೆಗೆಯಬಹುದು. ಹಣ್ಣಿನ ಮೇಲೆ ಬೂದು ಬೂಸ್ಟು ಕಂಡ ಕೂಡಲೇ ಆ ಹಣ್ಣು ಕಿತ್ತು ದೂರ ಎಸೆಯಿರಿ, ಪಕ್ಕದ್ದಕ್ಕೆ ಅಂಟುತ್ತದೆ. ತೂಗುಹಾಕಿದ ಗಿಡದಲ್ಲಿ ಹಣ್ಣು ಗಾಳಿಯಲ್ಲಿ ನೇತಾಡುವುದರಿಂದ ಈ ಕಾಟ ನೆಲದಷ್ಟು ಇಲ್ಲ. ಹಕ್ಕಿಗೆ ಹಳೆ ಸೊಳ್ಳೆಪರದೆ ಸಾಕು, ಆದರೆ ಹೂ ಇರುವಾಗ ತೆಗೆದಿಡಿ, ಜೇನ್ನೊಣ ಬರಲಿ.

ಮುಂದಿನ ವರ್ಷಕ್ಕೆ

ಆರು ತಿಂಗಳಿಗೊಮ್ಮೆ ಎಲ್ಲ ದಾರ, ಮೊಳೆ, ಬ್ರಾಕೆಟ್ ಎಳೆದು ನೋಡಿ. ಬಾಟಲಿಯನ್ನು ಹೆಬ್ಬೆರಳಲ್ಲಿ ಒತ್ತಿದಾಗ ಚಟ್ ಅಂತ ಬಿರುಕು ಬಿಟ್ಟರೆ ಅದರ ಆಯಸ್ಸು ಮುಗಿದಿದೆ. ಚೂರು ಚೂರಾಗಿ ಮಣ್ಣಿಗೆ ಬೀಳುವ ಮೊದಲೇ ಬದಲಿಸಿ.

ಸ್ಟ್ರಾಬೆರಿ ಗಿಡ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಹಣ್ಣು ಚಿಕ್ಕದಾಗುತ್ತಾ ಬರುತ್ತದೆ. ಹೊಸ ಸಸಿ ಕೊಳ್ಳಬೇಕಿಲ್ಲ. ಫಸಲು ಮುಗಿದ ಮೇಲೆ ಗಿಡದಿಂದ ತೆಳ್ಳನೆಯ ಬಳ್ಳಿ ಹೊರಟು ತುದಿಯಲ್ಲಿ ಪುಟ್ಟ ಮರಿ ಗಿಡ ಬಿಡುತ್ತದೆ. ಹಣ್ಣಿನ ಕಾಲದಲ್ಲಿ ಇವನ್ನು ಕತ್ತರಿಸುತ್ತಾ ಬಂದಿದ್ದರೆ, ಈಗ ಒಂದೆರಡನ್ನು ಬಿಡಿ. ಕೆಳಗಿನ ಸಾಲಿನಲ್ಲಿ ಹೊಸ ಬಾಟಲಿ ಕಟ್ಟಿ, ಮೇಲಿನ ತಾಯಿ ಗಿಡದ ಬಳ್ಳಿಯನ್ನು ಅದರೊಳಗೆ ಇಳಿಬಿಟ್ಟು, ಮರಿಯ ಬುಡ ಮಣ್ಣಿಗೆ ತಾಗುವಂತೆ ಒಂದು ಹೇರ್‌ಪಿನ್ ಚುಚ್ಚಿ ನಿಲ್ಲಿಸಿ. ತಾಯಿಯಿಂದ ಆಹಾರ ಬರುತ್ತಲೇ ಇರುತ್ತದೆ, ಮರಿ ನಿಧಾನವಾಗಿ ತನ್ನ ಬೇರು ಬಿಡುತ್ತದೆ. ನಾಲ್ಕೈದು ವಾರ ಆದ ಮೇಲೆ ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿ ಹಿಡಿದುಕೊಂಡಿದ್ದರೆ ನಡುವಿನ ಬಳ್ಳಿಯನ್ನು ಕತ್ತರಿಸಿ.